ಬೀಗರ ಟೈಲ್ಸು

ದುಭಾಷಿಯಾದವಳು "ಮಂತ್ರಿಗಳು ಹೀಗೆ ಹೇಳುತ್ತಿದ್ದಾರೆ" ಎನ್ನುವ ಹಾಗಿಲ್ಲ. ಮಂತ್ರಿ "ನಾನು" ಎಂದರೆ ಅವಳೂ "ನಾನು" ಎನ್ನಬೇಕು. ಅದು ಕಸುಬಿನ ಕಟ್ಟಳೆ. ಇಷ್ಟು ವರ್ಷ ಅವಳಿಗೆ ಅದರಲ್ಲಿ ಮುಜುಗರವೇನೂ ಕಂಡಿರಲಿಲ್ಲ.

ಈ ಸಲ ಹೋಟೆಲಿನ ಸಭಾಂಗಣದಲ್ಲಿ ಕೂತದ್ದು ಪರದೇಶವೊಂದರ ಜೊತೆಗಿನ ಸುಂಕದ ಜಗಳ ಬಗೆಹರಿಸಲು. ಆ ದೇಶದವರು ಇಲ್ಲಿಯ ಷೂಗಳ ಮೇಲೂ ಟೈಲ್ಸಿನ ಮೇಲೂ ಸುಂಕ ಜಡಿದಿದ್ದರು. ಮುಯ್ಯಿಗೆ ಮುಯ್ಯಿ ಎಂದು ಇವರು ಅವರ ಹಾಲಿನ ಪುಡಿಯ ಮೇಲೆ ಜಡಿದಿದ್ದರು. ಅತ್ತ ಪುಡಿ ಕೊಳೆಯುತ್ತಿತ್ತು, ಇತ್ತ ಷೂ ಪೆಟ್ಟಿಗೆಗಳು ಬಂದರಿನಲ್ಲಿ ಬೂಷ್ಟು ಹಿಡಿಯುತ್ತಿದ್ದವು.

ಅವಳ ಅಕ್ಕ, ಭಾವ ಇಬ್ಬರೂ ಷೂ ಕಾರ್ಖಾನೆಯವರು. ಅಕ್ಕನದು ಹೊಲಿಗೆ, ಭಾವನದು ಅಟ್ಟೆ ಅಂಟಿಸುವ ಕೆಲಸ. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಓದಿಸಿ, ಪರಭಾಷೆ ಕಲಿಸಿದ್ದು ಆ ಹೊಲಿಗೆಯೇ. ಬೆಳಿಗ್ಗೆ ಹೊರಡುವಾಗ ಅಕ್ಕ ಬಾಗಿಲವರೆಗೂ ಬಂದು, "ನಮ್ಮ ಮಾತು ಬಂದಾಗ ಸ್ವಲ್ಪ ಗಟ್ಟಿಯಾಗಿ ಹೇಳೇ," ಎಂದಿದ್ದಳು.

"ಅಕ್ಕಾ, ಅವರು ಹೇಳಿದ್ದನ್ನ ಹೇಳೋದಷ್ಟೇ ನನ್ನ ಕೆಲಸ."

"ಅದನ್ನೇ ಗಟ್ಟಿಯಾಗಿ ಹೇಳು ಅಂದೆ!"

ಮಧ್ಯಾಹ್ನದ ಹೊತ್ತಿಗೆ ಮಾತು ಹಗ್ಗಜಗ್ಗಾಟವಾಯಿತು. ಎರಡರಲ್ಲಿ ಒಂದರ ಸುಂಕವನ್ನಷ್ಟೇ ಬಿಡುತ್ತೇವೆ, ಷೂ ಇಲ್ಲವೇ ಟೈಲ್ಸು, ಎಂದು ಆ ದೇಶದ ಮಂತ್ರಿ ಕೈಕಟ್ಟಿ ಕೂತ. ಇಲ್ಲಿಯ ಮಂತ್ರಿ ಕಾರ್ಯದರ್ಶಿಯ ಕಡೆ ವಾಲಿದ. ಇಬ್ಬರ ನಡುವೆ ಕುಳಿತಿದ್ದ ಅವಳನ್ನು ಕುರ್ಚಿಯಷ್ಟೇ ಲೆಕ್ಕಕ್ಕಿಟ್ಟು, "ಟೈಲ್ಸು ನಮ್ಮ ಬೀಗರದ್ದು ಕಣಯ್ಯಾ. ಅದು ಹೋದ್ರೆ ಮಗಳು ನನ್ನ ಮನೆಗೇ ಬಂದು ಕೂರ್ತಾಳೆ. ಚಪ್ಪಲಿ ಹೊಲಿಯೋರು ಏನಾದ್ರೂ ಮಾಡ್ಕೊಳ್ತಾರೆ ಬಿಡು," ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು ಅವಳತ್ತ ತಿರುಗಿದ: "ಹೇಳಮ್ಮ. ದೇಶದ ಹಿತ ನೋಡಿ ಟೈಲ್ಸ್ ಕೇಳ್ತೀನಿ. ಷೂ ವಿಷಯದಲ್ಲಿ ಹಟ ಮಾಡಲ್ಲ."

ಅವಳು ಹೇಳಿದಳು. "ದೇಶದ ಹಿತ ನೋಡಿ ನಾನು..." ಒಂದಕ್ಷರ ಅತ್ತಿತ್ತ ಆಗದಂತೆ ಹೇಳಿದಳು. ಎಂಜಲು ತಟ್ಟೆ ನೆಕ್ಕಿದಂತಾಯಿತು.

ಕೈಕುಲುಕಿದ್ದಾಯಿತು, ಫೋಟೋ ಆಯಿತು, ಊಟಕ್ಕೆ ಕೂತರು. ಆ ಮಂತ್ರಿ ಮೇಜಿನಡಿಯಿಂದ ಕಾಲು ಚಾಚಿ ತನ್ನ ಷೂ ತೋರಿಸಿದ. "ನಿಮ್ಮಲ್ಲಿಯದೇ! ಸದ್ಯ, ಇನ್ನೊಂದು ಜೊತೆ ಕೊಂಡಿಟ್ಟಿದ್ದೇನೆ. ಇನ್ನು ಸಿಗುವುದಿಲ್ಲವಲ್ಲ!" ಅವಳು ಅದನ್ನೂ ದಾಟಿಸಿದಳು. ಇಲ್ಲಿಯ ಮಂತ್ರಿ ಬಾಯಲ್ಲಿದ್ದ ತುತ್ತು ಕಾಣುವಂತೆ ನಕ್ಕ. ತುಟಿಯ ಜಿಡ್ಡು ಒರೆಸಿಕೊಳ್ಳದೆಯೇ ಅಂದ: "ಹೊಲಿದೋರನ್ನೇ ಕಳಿಸ್ತೀನಿ ಅನ್ನು. ಕೆಲಸ ಇಲ್ಲ ಈಗ, ಕಾಲು ಒತ್ತಿಸ್ಕೊಳ್ಳಲಿ."

ಅಕ್ಕನ ಬೆರಳುಗಳು ಕಣ್ಣಿಗೆ ಕಟ್ಟಿದವು. ಅವಳು ಎದ್ದು ನಿಂತಳು.

"ಇದನ್ನ ನಾನು ಹೇಳಲ್ಲ ಸರ್."

"ಯಾಕಮ್ಮ, ಅರ್ಥ ಆಗ್ಲಿಲ್ವಾ?"

"ಆಯ್ತು. ಅದಕ್ಕೇ ಹೇಳಲ್ಲ."

ಕಾರ್ಯದರ್ಶಿ ಹಲ್ಲು ಕಿರಿಯುತ್ತ ತನ್ನ ಹರಕು ಮುರುಕು ಭಾಷೆಯಲ್ಲೇ ಅದನ್ನು ಹೇಳಿದ. ಎರಡೂ ದೇಶಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಅವಳು ಹೊರಗೆ ಬಂದು ಕೈತೊಳೆಯುವ ಜಾಗದಲ್ಲಿ ವಾಂತಿ ಮಾಡಿದಳು.

ಮನೆಯಲ್ಲಿ ಟಿವಿ ಹಾಕಿಕೊಂಡು ಅಕ್ಕ ಹಿಗ್ಗಿಹೋಗಿದ್ದಳು. "ಒಪ್ಪಂದ ಆಯ್ತಂತಲ್ಲೇ! ಮಂತ್ರಿ ಪಕ್ಕದಲ್ಲೇ ನೀನು!"

ಅವಳು ಎಲ್ಲವನ್ನೂ ಹೇಳಿದಳು. ಭಾವ ಟಿವಿ ಆರಿಸಿದ. ಅಕ್ಕ ಅವಳತ್ತ ತಿರುಗಿದಳು.

"ಷೂ ಬಿಟ್ಟುಕೊಡ್ತೀವಿ ಅಂತ ನೀನೇ ಹೇಳಿದ್ಯಾ?"

"ಹೂಂ. ನನ್ನ ಬಾಯಲ್ಲೇ."

"ಅಷ್ಟನ್ನು ನುಂಗಿದೋಳು ಆ ತಮಾಷೆ ಒಂದನ್ನ ನುಂಗೋಕಾಗ್ಲಿಲ್ವಾ? ಮನೇಲಿ ಒಬ್ಬರ ಸಂಬಳ ಆದ್ರೂ ಉಳೀತಿತ್ತು," ಎಂದು ಅಕ್ಕ ಸಿಡಿದಳು. ಸಿಡಿದವಳೇ ತಂಗಿಯ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ತಂಗಿಗೆ ಆ ಸೆರಗಿನಲ್ಲಿ ಮುಖ ಹುದುಗಿಸಲೂ ನಾಚಿಕೆಯಾಯಿತು.

ಹೊಲಿಗೆ ವಿಭಾಗ ಮುಚ್ಚಿತು. ಭಾವನಿಗೆ ಸಿಕ್ಕ ಕೆಲಸ ಟೈಲ್ಸ್ ಗೋದಾಮಿನಲ್ಲಿ, ಲಾರಿಗೆ ಪೆಟ್ಟಿಗೆ ಹೇರುವುದು. ಗೋದಾಮು ಯಾರದು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಮಂತ್ರಿಗಳ ಕಚೇರಿ ಅವಳನ್ನು ಕೆಲಸಕ್ಕೆ ಕರೆಯುವುದನ್ನು ನಿಲ್ಲಿಸಿತು; ಅವಳು ಮನೆಮನೆಗೆ ಹೋಗಿ ಭಾಷೆ ಕಲಿಸತೊಡಗಿದಳು.

ಒಂದು ದಿನ ಕಾರ್ಯದರ್ಶಿಯ ಫೋನ್ ಬಂತು. ಇನ್ನೊಂದು ದೇಶದ ಜೊತೆ ಮಾತುಕತೆಯಂತೆ. ಹಳೆಯದನ್ನು ಸಾಹೇಬರು ಮನಸ್ಸಿನಲ್ಲಿಟ್ಟುಕೊಂಡಿಲ್ಲವಂತೆ.

"ನಾನು ಇಟ್ಕೊಂಡಿದ್ದೀನಿ," ಎಂದು ಅವಳು ಫೋನ್ ಇಟ್ಟಳು. ಒಳಗೆ ಭಾವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದ ಅಕ್ಕ ಯಾರದು ಎಂದು ಕೇಳಿದಳು.

"ರಾಂಗ್ ನಂಬರ್," ಎಂದಳು.