ಒಲೆಗೆ ಬಂದ ಮೀನು

ತೆನಿಂಗ್ ಬೆಳಗಿನಿಂದ ಜೋಆಲ್ ಎಂಬ ಊರಿನ ಕಡಲ ದಂಡೆಯಲ್ಲಿ ತಮ್ಮನ ದೋಣಿಗೆ ಕಾದು ನಿಂತಿದ್ದಳು. ಅವಳು ಮೀನಿಗೆ ಹೊಗೆ ಹಾಕಿ ಮಾರುವವಳು. ಒಲೆ ಹೊತ್ತಿಸಿ ಎಷ್ಟು ಕಾಲವಾಗಿತ್ತೋ, ಅವಳಿಗೇ ಮರೆತುಹೋಗಿತ್ತು. ಮಾಲಿ ದೇಶದ ವ್ಯಾಪಾರಿ ನಾಳೆ ಬರುವವನಿದ್ದ. ಈ ಸಲವೂ ಬರಿಗೈಲಿ ಕಳಿಸಿದರೆ ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಕಳಿಸಿದ್ದ. ಅವನು ಹೋದರೆ ಅವಳ ಕಸುಬೂ ಹೋದಂತೆಯೇ.

ಹಾಗೆಂದು ದೋಣಿಗಳೇನು ಖಾಲಿ ಬರುತ್ತಿರಲಿಲ್ಲ. ಬಂದದ್ದೆಲ್ಲ ಮೀನುಹಿಟ್ಟಿನ ಕಾರ್ಖಾನೆಯ ಲಾರಿಗೆ ಹೋಗುತ್ತಿತ್ತು, ಅಷ್ಟೆ. ಕಾರ್ಖಾನೆ ಹೊರದೇಶದವರದು. ಜೋಆಲಿನ ಬೂತಾಯಿ ಮೀನನ್ನು ಒಣಗಿಸಿ, ಹಿಟ್ಟು ಮಾಡಿ ಹಡಗು ಹತ್ತಿಸುತ್ತಾರೆ. ಯುರೋಪಿನಲ್ಲೆಲ್ಲೋ ಸಾಕಿದ ಮೀನು ಅದನ್ನು ತಿಂದು ಕೊಬ್ಬುತ್ತದೆ. ಕೊಬ್ಬಲಿ, ಅದರ ಮನೆ ಹಾಳಾಗ!

ದೋಣಿ ದಡ ಮುಟ್ಟಿದ್ದೇ ತಡ, ತೆನಿಂಗ್ ಮೊಣಕಾಲುದ್ದ ನೀರಿಗಿಳಿದು ಕೂಲಿಗಳಿಗೆ ಅಡ್ಡ ನಿಂತಳು.

"ಲೋ ವಗಾನ್, ಮೊದಲ ಬುಟ್ಟಿಗಳು ನನ್ನ ಒಲೆಗೆ. ಇಳಿಸೋ!"

"ಅಕ್ಕಾ, ಹತ್ತು ಜನರ ಮುಂದೆ ಮಾನ ತೆಗೀಬೇಡ. ಇಂಜಿನ್ ಕೊಡಿಸಿದ್ದು ಕಾರ್ಖಾನೆಯೋರು. ಹಿಡಿದದ್ದೆಲ್ಲ ಅವರಿಗೇ ಅಂತ ಒಪ್ಕೊಂಡಿದೀನಿ."

"ಇಂಜಿನ್ ಅವರು ಕೊಡಿಸಿದ್ರು, ಸರಿ. ದೋಣಿ ಮೊದಲ ಸಲ ನೀರಿಗಿಳಿದಾಗ ಮೂತಿಗೆ ಹಾಲು ಸುರಿದೋಳು ಯಾರೋ? ಅವರಮ್ಮನಾ?"

ದಂಡೆಯ ಹೆಂಗಸರು ಘೊಳ್ಳೆಂದು ನಕ್ಕರು. ಲಾರಿಯ ಮೇಸ್ತ್ರಿ ಬಾಬಕರನಿಗೆ ಉರಿದುಹೋಯಿತು.

"ಏನಮ್ಮಾ, ನಿನ್ನ ಹಾಲಲ್ಲೇ ದೋಣಿ ಓಡುತ್ತಾ?"

"ನಿನ್ನ ಬಾಯಿಗೆ ಮಣ್ಣು ಹಾಕ! ನೀನೂ ಇದೇ ಊರಲ್ಲಿ ಹುಟ್ಟಿದೋನಲ್ವಾ? ನಿಮ್ಮಮ್ಮನ ಒಲೆ ಈಗ ಹೇಗಿದೆ, ಹೇಳು ನೋಡೋಣ."

ಬಾಬಕರ್ ಮುಖ ತಿರುಗಿಸಿದ. "ಅಮ್ಮ ಈಗ ಡಾಕರ್‌ನಲ್ಲಿ ಯಾರದೋ ಮನೇಲಿ ಬಟ್ಟೆ ಒಗೀತಾಳೆ" ಎಂದ. ಆಮೇಲೆ ಯಾರೂ ನಗಲಿಲ್ಲ.

ಹಾಲು ಸುರಿದ ಅಕ್ಕನಿಗೆ ಮೊದಲ ಬುಟ್ಟಿ ತಪ್ಪಿಸಿದವನನ್ನು ಕಡಲು ಮರಳಿ ಕಳಿಸುವುದಿಲ್ಲ ಎಂಬ ಭಯ ವಗಾನನಿಗೆ ಇದ್ದೇ ಇತ್ತು. ಗೋಣಿ ಮುಚ್ಚಿದ ನಾಲ್ಕಾರು ಬುಟ್ಟಿಗಳನ್ನು ಅವಳತ್ತ ದೂಡಿದ. "ತಗೋ. ಆಮೇಲೆ ನನ್ನ ಬೈಬೇಡ" ಎಂದ, ಅವಳ ಮುಖ ನೋಡದೆ.

ಖುಷಿಗೆ ತೆನಿಂಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ದಂಡೆಯ ಮೇಲೇ ಇದ್ದ ಅವಳ ಒಲೆಗೆ ನೆರೆಯ ಸೀರಾ ಶೇಂಗಾ ಸಿಪ್ಪೆ ಸುರಿದು ಬೆಂಕಿ ಹಚ್ಚಿದಳು. ತೆನಿಂಗ್ ಗೋಣಿ ಕಿತ್ತು ಒಂದು ಬುಟ್ಟಿಯನ್ನು ಜಾಲರಿಯ ಮೇಲೆ ಬೋರಲು ಹಾಕಿದಳು. ಮೀನು ನಿಲ್ಲಲಿಲ್ಲ. ಕಿರುಬೆರಳಿನಷ್ಟು ಮರಿಗಳು ಕಂಬಿಗಳ ಸಂದಿಯಿಂದ ಪುಳಪುಳನೆ ಕೆಂಡಕ್ಕೆ ಬಿದ್ದು ಸುಟ್ಟುಹೋದವು.

"ಅಯ್ಯೋ, ಜಾಲರಿ ಮೇಲೆ ಏನಾದ್ರೂ ಹಾಸೋಣ್ವೇನೇ?" ಎಂದಳು ಸೀರಾ.

"ಹಾಸಿ? ಇದರಲ್ಲಿ ಮಾಂಸ ಎಲ್ಲಿದೆ ಮಾರಾಯ್ತಿ?"

ವಗಾನ್ ಬಂದು ಹಿಂದೆ ನಿಂತಿದ್ದ. "ದೊಡ್ಡದು ಉಳಿದೇ ಇಲ್ಲ ಅಕ್ಕಾ. ಅದಕ್ಕೇ ಬಲೆ ಕಣ್ಣು ಸಣ್ಣದು ಮಾಡಿದ್ವಿ. ಹಿಟ್ಟಿಗೆ ಯಾವುದಾದ್ರೇನು."

"ಮರೀನೆಲ್ಲ ಬಾಚಿಬಿಟ್ರೆ ಬರೋ ವರ್ಷ ಏನು ಹಿಡೀತೀಯೋ?"

ಅವನಿಗಾದರೂ ಏನು ಗೊತ್ತು, ಪಾಪ! ಇಷ್ಟು ದಿನ ತೆನಿಂಗ್ ಆ ಲಾರಿಯೇ ಶತ್ರು ಎಂದುಕೊಂಡಿದ್ದಳು. ಮೀನು ಕೈಗೆ ಬಂದರೆ ಸಾಕು, ಬದುಕು ಮೊದಲಿನಂತಾಗುತ್ತದೆ ಎಂದು ನಂಬಿದ್ದಳು. ಈಗ ಅವಳಿಗೆ ಅಳುವೂ ಬರಲಿಲ್ಲ. ಅಷ್ಟು ಜನರೆದುರು ಕೂಗಾಡಿದ್ದಕ್ಕೆ ನಾಚಿಕೆಯಾಯಿತು.

ಉಳಿದ ಬುಟ್ಟಿಗಳು ಬಿಸಿಲಿಗೆ ಆಗಲೇ ವಾಸನೆ ಹಿಡಿಯುತ್ತಿದ್ದವು. ಆಚೆ ಲಾರಿ ಗುರುಗುಟ್ಟಿತು. ತೆನಿಂಗ್ ಒಂದು ಬುಟ್ಟಿಯನ್ನು ತಲೆಗೇರಿಸಿಕೊಂಡಳು.

"ನಾಳೆ ವ್ಯಾಪಾರಿ ಬಂದ್ರೆ ಏನನ್ನಲೇ?" ಎಂದಳು ಸೀರಾ.

"ಇನ್ನು ಬರಬೇಡ ಅನ್ನು."

ಬುಟ್ಟಿಯ ನೀರು ಮುಖದ ಮೇಲೆ ಇಳಿಯುತ್ತಿರಲು ಮರಳಿನಲ್ಲಿ ಓಡಿದಳು. "ಬಾಬಕರ್, ನಿಲ್ಸಪ್ಪಾ! ಇನ್ನೂ ಇದೆ!"

ಲಾರಿ ನಿಂತಿತು. ಬಾಬಕರ್ ಹಂಗಿಸಲಿಲ್ಲ. ಬಗ್ಗಿ, ಎರಡೂ ಕೈ ಚಾಚಿ ಬುಟ್ಟಿ ಇಸಿದುಕೊಂಡ.