ಯಾರೂ ಇಲ್ಲದ ಮೂಲೆ

"ಅಲ್ಲಿ ಯಾರೂ ಇಲ್ರಿ ಸಾಹೇಬ್ರ, ಹೊಡೀರಿ," ಎಂದ ಮರ್ದಾನಸಾಬ. ಬೆಟಗೇರಿಯ ಈ ಖಬರಸ್ತಾನದಲ್ಲಿ ಗುಂಡಿ ತೋಡುವವನು ಅವನೇ. ಯಾರು ಎಲ್ಲಿ ಮಲಗಿದ್ದಾರೆಂಬುದಕ್ಕೆ ಅವನ ಮಾತೇ ಕೊನೆ.

ಆದರೂ ನೆಲ ಕೊರೆಯುವ ಯಂತ್ರ ಆ ಮೂಲೆಯತ್ತ ಹೊರಳಿದಾಗ ಶಫೀಕ ಒಮ್ಮೆ ತನ್ನ ಮನೆಯ ಮಾಳಿಗೆಯತ್ತ ನೋಡಿದ.

ಆ ಮೂಲೆಯ ಗೋಡೆಯಾಚೆಯೇ ಮುಚ್ಚಿಹೋದ ಬಣ್ಣದ ಕಾರ್ಖಾನೆ. ನೂಲು ಅದ್ದಿದ ನೀರನ್ನು ವರ್ಷಗಟ್ಟಲೆ ನೆಲಕ್ಕೇ ಕುಡಿಸಿ ಮಾಲೀಕ ಊರು ಬಿಟ್ಟಿದ್ದ. ಓಣಿಯ ಬೋರುಗಳಲ್ಲಿ ಹಳದಿ ನೀರು ಬಂತು. ಗದಗು ಹೊಸದಾಗಿ ಜಿಲ್ಲೆಯಾಗಿತ್ತು. ಅರ್ಜಿ ಹಿಡಿದು ಧಾರವಾಡದ ಬಸ್ಸು ಹತ್ತುವುದು ತಪ್ಪಿತ್ತು. ಜನ ಬೆನ್ನುಬಿಡದೆ ಅರ್ಜಿ ಕೊಟ್ಟರು. ವಿಷ ಎಲ್ಲಿಯವರೆಗೆ ಹರಿದಿದೆಯೆಂದು ನೆಲ ಕೊರೆದು, ಮಣ್ಣು ತೆಗೆದು ನೋಡುವ ಕೆಲಸ ಶಫೀಕನ ಪಾಲಿಗೆ ಬಂತು. ಭೂಗರ್ಭಶಾಸ್ತ್ರ ಓದಿದ ಓಣಿಯ ಮೊದಲ ಹುಡುಗ ಅವನು. ನೆಲದೊಳಗೇನಿದೆ ಎಂದು ಹೇಳಬಲ್ಲ ನಮ್ಮ ಹುಡುಗ, ಎಂದು ಹಿರಿಯರು ಬೆನ್ನು ತಟ್ಟಿದ್ದರು. ನಗಬೇಕೋ ಅಳಬೇಕೋ.

ತನ್ನ ಸ್ವಂತ ಕೂಸು ಈ ನೆಲದಲ್ಲಿ ಎಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಹೆಣ್ಣುಕೂಸು ಹುಟ್ಟುವಾಗಲೇ ತೀರಿಕೊಂಡಿತ್ತು. ಹೆಂಡತಿ ನೂರೀನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದಳು. ಕೂಸನ್ನು ಶಫೀಕ ಈ ಗೇಟಿನವರೆಗೆ ತಂದ. ಮುಂದೆ ಕಾಲೇ ಏಳಲಿಲ್ಲ. ಮರ್ದಾನಸಾಬನ ಕೈಗೆ ಕೊಟ್ಟು, ತಿರುಗಿ ನೋಡದೆ ಸ್ಕೂಟರು ಹತ್ತಿಬಿಟ್ಟ. ಇಲ್ಲಿ ಸಣ್ಣವುಗಳ ಮೇಲೆ ಕಲ್ಲು ನೆಡುವುದಿಲ್ಲ. ಒಂದು ಮಳೆಗೆ ಗುಡ್ಡೆ ನೆಲಸಮ. ಕೇಳಿದ್ದರೆ ಮರ್ದಾನಸಾಬ ತೋರಿಸುತ್ತಿದ್ದ. ಕೇಳಲು ಮುಖವಿರಲಿಲ್ಲ.

ಈ ಓಣಿಯ ಹೆಂಗಸರು ಖಬರಸ್ತಾನದೊಳಗೆ ಬರುವುದಿಲ್ಲ. "ಎಲ್ಲಿ ಇಟ್ರಿ?" ಎಂದು ನೂರೀನ ಊಟ ಬಿಟ್ಟು ಕೇಳತೊಡಗಿದಾಗ, ಅವಳನ್ನು ಮಾಳಿಗೆಗೆ ಕರೆದೊಯ್ದು ಈ ಮೂಲೆ ತೋರಿಸಿದ. ಮಾಳಿಗೆಯಿಂದ ಕಾಣುವುದು ಇದೊಂದೇ ಮೂಲೆ. ಅಂದಿನಿಂದ ಅವಳು ಹೊತ್ತಿಳಿಯುವಾಗ ಅಲ್ಲಿ ನಿಂತು ದುವಾ ಮಾಡುತ್ತಿದ್ದಳು. ಆಮೇಲೆ ಕೆಳಗಿಳಿದು ರೊಟ್ಟಿ ತಟ್ಟುತ್ತಿದ್ದಳು. ಸುಳ್ಳಾದರೂ ಉಪಕಾರವನ್ನೇ ಮಾಡಿತು ಎಂದು ಶಫೀಕ ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿದ್ದ.

ಇವತ್ತು ಅವಳು ತವರಿಗೆ, ಲಕ್ಷ್ಮೇಶ್ವರಕ್ಕೆ, ಹೊರಟಿದ್ದಳು. ಅದಕ್ಕೇ ಈ ಮೂಲೆ ಕೊರೆಯಲು ಇವತ್ತನ್ನು ಆರಿಸಿದ್ದ.

ಯಂತ್ರ ಕರಿಮಣ್ಣು ದಾಟಿ ಕೆಳಗಿನ ಗರಸು ಕಲ್ಲುಮಣ್ಣನ್ನು ಮುಟ್ಟಿತು. ಯಂತ್ರ ನಡೆಸುವ ಲಾಡಸಾಬ ಕೊಳವೆ ಎಳೆದ. ಆ ಪ್ಲಾಸ್ಟಿಕ್ ಕೊಳವೆಯೊಳಗೆ ಮೊಳದುದ್ದದ ಹಸಿ ಮಣ್ಣು; ಕೆಳತುದಿ ಪಿತ್ತದ ಹಾಗೆ ಹಸಿರು-ಹಳದಿ. ವಿಷ ಇಲ್ಲಿಗೂ ಬಂದಿತ್ತು.

ತಲೆಯೆತ್ತಿದರೆ ಗೇಟಿನಲ್ಲಿ ನೂರೀನ. ಕಾಲಲ್ಲಿ ಚಪ್ಪಲಿಯಿಲ್ಲ.

"ಬಸ್ ತಪ್ಪಿತೇನು?" ಎಂದ. ಥೂ, ಕೇಳುವ ಮಾತೇ ಅದು!

"ಆಕಿಗೆ ಹೇಳಿ ಹೋಗೂಣಂತ ಮಾಳಗಿ ಹತ್ತಿದ್ನಿ." "ಅಲ್ಲೇ ಯಾಕ ತೋಡಿದ್ರಿ?"

"ಸ್ವಲ್ಪ ಬಾಜೂಕ ಐತಿ..."

"ಬಾಜೂಕ ಅಲ್ಲ, ಅಲ್ಲೇ. ದಿನಾ ನೋಡಾಕಿ ನಾನು. ಮಗಳ ಮ್ಯಾಲೆ ಮಷೀನ್ ಇಟ್ರೇನ್ರಿ? ಕೈಯರ ಹೆಂಗ ಬಂತ್ರಿ ನಿಮಗ?"

"ಇಲ್ಲ ತಾಯಿ," ಮರ್ದಾನಸಾಬ ಮುಂದೆ ಬಂದ. "ಆ ಮೂಲ್ಯಾಗ ಯಾರೂ..."

"ನೀವು ಸುಮ್ಮನಿರ್ರಿ!" ಶಫೀಕ ಕೂಗಿದ.

ಅಲ್ಲಿ ಯಾರೂ ಇಲ್ಲ. ಅಷ್ಟು ಹೇಳಿದರೆ ಸಾಕಿತ್ತು, ಮಗಳನ್ನು ಕೊರೆದ ಕಟುಕ ಎಂಬ ಹೆಸರು ತಪ್ಪುತ್ತಿತ್ತು. ಆದರೆ ಅವಳ ವರ್ಷದ ದುವಾ ಎಲ್ಲ ಬರೀ ಬಯಲಿಗೆ ಬಿದ್ದಂತಾಗುತ್ತಿತ್ತು. ಕೂಸು ಎರಡನೆಯ ಸಲ ಕೈಬಿಟ್ಟು ಹೋಗುತ್ತಿತ್ತು. ಅವಳಿಗಾಗಿ ಬಾಯಿ ಮುಚ್ಚಿದೆನೋ, ಗೇಟಿನಿಂದ ಓಡಿದ್ದು ಬಯಲಾದೀತೆಂದು ಮುಚ್ಚಿದೆನೋ, ಅವನಿಗೇ ತಿಳಿಯಲಿಲ್ಲ. ಒಂದು ವರ್ಷದಿಂದ ಅಳದೆ ಉಳಿದ ಅಳು ಒತ್ತಿ ಬಂತು. ಅದನ್ನೂ ನುಂಗಿಕೊಂಡ.

"ತಪ್ಪಾತು," ಎಂದ.

ಅವಳು ಗೇಟು ದಾಟಿ ಒಳಗೆ ಬಂದಳು. ಯಾರೂ ತಡೆಯಲಿಲ್ಲ. ಲಾಡಸಾಬನ ಮುಂದೆ ನಿಂತು ಎರಡೂ ಕೈ ಒಡ್ಡಿದಳು.

"ಇಲ್ಲಿ ಕೊಡ್ರಿ. ಒಮ್ಮೆನೂ ಎತ್ಕೊಂಡಿಲ್ಲ ನಾನು."

ಲಾಡಸಾಬ ಸಾಹೇಬನ ಮುಖ ನೋಡಿದ. ಮುಟ್ಟಬೇಡ, ವಿಷವಿದೆ ಎಂದು ಹೇಳಬೇಕಿತ್ತು. ಆದರೆ ಶಫೀಕ ಕೊಡು ಎಂಬಂತೆ ತಲೆಯಾಡಿಸಿದ.

ಅವಳು ಕೊಳವೆಯನ್ನು ಎಡಗೈ ಮೇಲೆ ಮಲಗಿಸಿಕೊಂಡಳು. ಹಸಿರು ತುದಿ ಮೊಳಕೈಯ ಮಡಿಕೆಯಲ್ಲಿ ಕೂತಿತು. ಅಲ್ಲಿ ಕಾಣುತ್ತಿದ್ದ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

"ಎಷ್ಟ ತಣ್ಣಗ ಐತ್ರಿ," ಎಂದವಳೇ ಸೆರಗು ಬಿಚ್ಚಿ ಅದಕ್ಕೆ ಸುತ್ತತೊಡಗಿದಳು.