ಕಚ್ಚಿ ಕೇಳಿದ ದನಿ

"ಇಲ್ಲೇನೂ ಇಲ್ಲ, ಇನ್ನೂ ಮುಂದಕ್ಕೆ ಹೋಗೋಣ," ಎಂದು ಇಲ್ಲುಪಾಲಿಕ್ ಹುಟ್ಟುಗೋಲಿನ ಹಿಡಿಯಿಂದ ಕಿವಿ ತೆಗೆದ. ಅದರ ಅಲಗು ಹೆಪ್ಪುಗಟ್ಟಿದ ಸಮುದ್ರದ ಮಂಜುಗಡ್ಡೆಯ ಬಿರುಕಿನೊಳಗೆ, ನೀರಲ್ಲಿ ಮುಳುಗಿತ್ತು. ಕೆಳಗೆ ಗಡ್ಡದ ಸೀಲ್‌ಗಳು ಹಾಡುತ್ತಿದ್ದರೆ ಆ ಮರದಲ್ಲಿ ಕೇಳಬೇಕು. ಕೇಳಿದ ಕಡೆ ವಸಂತದ ಬೇಟೆಗೆ ಡೇರೆ. ಬೆಳಗ್ಗೆ ತಮ್ಮೂರು ಇಗ್ಲೂಲಿಕ್ ಬಿಟ್ಟ ಮೇಲೆ ಇದು ಮೂರನೆಯ ಬಿರುಕು.

ಮೊದಲೆಲ್ಲ ಜಾಗ ಹೇಳುತ್ತಿದ್ದವಳು ಅವನ ಹೆಂಡತಿ ಕೌನಾಕ್. ಎರಡು ಚಳಿಗಾಲದ ಹಿಂದೆ ಅವಳ ಕಿವಿ ಹೋಯಿತು. ಆಮೇಲೆ ಅವಳು ಸಮುದ್ರದ ಕಡೆ ಬರುವುದನ್ನೇ ಬಿಟ್ಟಿದ್ದಳು. ಈ ಸಲ ಸೊಸೆ ಲೀಟಿಯಾ ಬಿಡದೆ ಜಾರುಬಂಡಿಯಲ್ಲಿ ಕೂರಿಸಿಕೊಂಡು ಬಂದಿದ್ದಳು.

"ಇದನ್ನ ಹಿಡ್ಕೋ, ಚಹಾ ಕುಡಿದು ಹೊರಡೋಣ. ನೀರಿಗೆ ಬಿಟ್ಟೀಯ ಮತ್ತೆ!" ಇಲ್ಲುಪಾಲಿಕ್ ಅವಳ ಮುಖಕ್ಕೇ ಕೂಗಿದ.

"ಹೋಗಿರೋದು ಕಿವಿ, ಕೈಯಲ್ಲ."

ಗಾಳಿಗೆ ಅವಳ ಟೋಪಿಯ ದಾರ ಬಿಚ್ಚಿಕೊಂಡಿತು. ಕಟ್ಟಲು ಎರಡೂ ಕೈ ಬೇಕು. ಕೌನಾಕ್ ಮೊಳಕಾಲೂರಿ ಹುಟ್ಟಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು.

ಗಂಟು ಹಾಕುತ್ತಿದ್ದ ಬೆರಳುಗಳು ಹಾಗೇ ನಿಂತವು. ದವಡೆಯ ಮೂಲಕ ತಲೆಯೊಳಕ್ಕೆ ಒಂದು ದನಿ ಬಂತು. ಎತ್ತರದಲ್ಲಿ ಶುರುವಾಗಿ, ಸುತ್ತಿ ಸುತ್ತಿ ಇಳಿದು, ನಿಟ್ಟುಸಿರಾಗಿ ನಿಂತಿತು. ಅಷ್ಟರಲ್ಲಿ ದೂರದಿಂದ ಇನ್ನೊಂದು, ಸ್ವಲ್ಪ ದಪ್ಪ. ಅವಳು ಕಣ್ಣು ಮುಚ್ಚಿದಳು. ಚಹಾ ಆರುವಷ್ಟು ಹೊತ್ತು ತೆರೆಯಲಿಲ್ಲ.

"ಲೀಟಿಯಾ, ಬಂಡಿಯಿಂದ ಡೇರೆ ಇಳಿಸು! ಎರಡಿವೆ. ಒಂದು ನಮ್ಮ ಕಾಲ ಕೆಳಗೇ!"

"ಕೇಳಿದ್ದು ಯಾರಿಗಂತೆ, ಇವಳಿಗೆ!" ಇಲ್ಲುಪಾಲಿಕ್ ನಗುತ್ತಲೇ ಬಂದು ಕಿವಿಯಿಟ್ಟ. "ಎಲ್ಲಿ? ಏನೂ ಇಲ್ಲ."

ಲೀಟಿಯಾ ಕಿವಿಯಿಟ್ಟಳು. ಅತ್ತೆಯನ್ನು ನೋಡಿದಳು. ಆಮೇಲೆ ಮಾವನನ್ನು.

"ಮಾವಾ, ಚೆನ್ನಾಗೇ ಕೇಳ್ತಿದೆ. ಹಿಂದಿನ ಎರಡು ಬಿರುಕಲ್ಲೂ ನೀವೇ ಅಲ್ವಾ ಕೇಳಿದ್ದು?"

ಇಲ್ಲುಪಾಲಿಕ್ ಮೀಸೆಯ ಮೇಲಿನ ಹಿಮ ಒರೆಸಿಕೊಂಡ. ಸೊಸೆಯ ತುಟಿಯಲ್ಲೇ ಮಾತು ಹಿಡಿದ ಕೌನಾಕ್‌ಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

"ಎರಡು ವರ್ಷ ನನ್ನ ಕಿವುಡಿ ಕಿವುಡಿ ಅಂದ್ಯಲ್ಲೋ ಮುದುಕಾ! ಬಾ, ಕಚ್ಚು."

"ಮುಂದಿನ ಹಲ್ಲೇ ಇಲ್ವಲ್ಲೇ ನನಗೆ."

"ದವಡೆ ಒತ್ತು ಹಾಗಾದ್ರೆ."

ಗೊಣಗುತ್ತಲೇ ಅವನು ಮೊಳಕಾಲೂರಿ ದವಡೆ ಒತ್ತಿದ. ಗೊಣಗು ಅರ್ಧಕ್ಕೆ ನಿಂತಿತು. ಕೌನಾಕ್ ಅವನ ಪಕ್ಕಕ್ಕೆ ಸರಿದು, ಅದೇ ಹಿಡಿಯ ಇನ್ನೊಂದು ಬದಿಯನ್ನು ಕಚ್ಚಿಕೊಂಡಳು.

ಲೀಟಿಯಾ ಡೇರೆ ಇಳಿಸಿ ಹಾಸಿದಳು.

"ಬಾಗಿಲು ಯಾವ ಕಡೆಗಿಡಲಿ?" ಎಂದು ಕೂಗಿದಳು. ಇನ್ನೊಮ್ಮೆ ಕೂಗಿದಳು. ಎರಡು ಬೆನ್ನುಗಳಲ್ಲಿ ಒಂದೂ ಅಲುಗಲಿಲ್ಲ. ಗಾಳಿ ಬರುವ ದಿಕ್ಕು ನೋಡಿ, ಅವಳೇ ಮೊದಲ ಗೂಟ ಹೊಡೆದಳು.